ನಲವತ್ತೆಂಟು ವೋಲ್ಟಿನ ಪ್ರಶ್ನೆ

ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್‌ಗೆ ಸಣ್ಣದೊಂದು ವಿದ್ಯುತ್ ಮೋಟಾರಿನ ನೆರವು ಇದ್ದು, ಆದರೆ ಎಂಜಿನ್ನನ್ನು ಬದಿಗಿಟ್ಟು ಆ ಮೋಟಾರೊಂದೇ ಗಾಡಿಯನ್ನು ಎಳೆದೊಯ್ಯಲಾರದಂಥ ವಾಹನವನ್ನು ಮೈಲ್ಡ್ ಹೈಬ್ರಿಡ್ ಎಂದು ಕರೆಯುವುದು ರೂಢಿ. ಎರಡು ಮೂರು ಕೋಟಿ ರೂಪಾಯಿ ಬೆಲೆಯ, ನಾನೂರರಿಂದ ಆರುನೂರು ಅಶ್ವಶಕ್ತಿಯ ಐಷಾರಾಮಿ ಎಸ್‌ಯುವಿಗಳು ಸಂಪೂರ್ಣ ವಿದ್ಯುತ್ ವಾಹನಗಳಾಗುವ ಮುನ್ನ ಈ ಅರೆಮಾರ್ಗವನ್ನು ಹಿಡಿದದ್ದು ಏಕೆ, ಅದರಿಂದ ಯಾರಿಗೆ ಏನು ದಕ್ಕಿತು ಎಂಬುದು ಈ ಸಂವಾದದ ವಸ್ತು. ಮಾತನಾಡುವವರು ಇಬ್ಬರು: ಬೆಂಗಳೂರಿನ ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ವಾಹನದ ಬಿಡಿಭಾಗಗಳ ಘಟಕವೊಂದರಲ್ಲಿ ದುಡಿದು ನಿವೃತ್ತರಾದ ಎಂಜಿನಿಯರ್, ಮತ್ತು ವಿಜಯನಗರದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವ ಅಧ್ಯಾಪಕಿ. ಇಬ್ಬರ ಬಳಿಯೂ ಅಂಥ ವಾಹನವಿಲ್ಲದಿರುವುದು ಚರ್ಚೆಯ ನಿಷ್ಪಕ್ಷಪಾತಕ್ಕೆ ಒಳ್ಳೆಯದೇ ಆಗಿದೆ.

ಅಧ್ಯಾಪಕಿ: ಚಕ್ರ ತಿರುಗಿಸಲಾರದ ಮೋಟಾರನ್ನು ಇಟ್ಟುಕೊಂಡು ಹೈಬ್ರಿಡ್ ಎಂಬ ಹೆಸರು ಹಚ್ಚಿಕೊಳ್ಳುವುದು ಗಿರಾಕಿಯ ಕಣ್ಣಿಗೆ ಮಣ್ಣೆರಚುವ ಕೆಲಸವಲ್ಲವೇ, ಸರ್? ಪರಿಸರದ ಕಾಳಜಿ ತೋರಿದಂತೆಯೂ ಆಗಬೇಕು, ಎಂಟು ಸಿಲಿಂಡರಿನ ಎಂಜಿನ್ ಬಿಟ್ಟುಕೊಡಲೂಬಾರದು ಎಂಬ ಹಂಚಿಕೆಯಂತೆ ಇದು ಕಾಣುತ್ತದೆ.

ಎಂಜಿನಿಯರ್: ಹೆಸರಿನ ಮಾತು ಆಮೇಲೆ ಇರಲಿ, ಮೇಡಂ, ಒಳಗೆ ಏನಿದೆ ಎಂಬುದನ್ನು ಮೊದಲು ನೋಡೋಣ. ಮಾಮೂಲಿ ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಎಂಜಿನ್ನನ್ನು ಎಬ್ಬಿಸಲು ಒಂದು ಸ್ಟಾರ್ಟರ್ ಮೋಟಾರು, ಓಡುವಾಗ ಬ್ಯಾಟರಿಗೆ ಚಾರ್ಜು ತುಂಬಲು ಒಂದು ಆಲ್ಟರ್ನೇಟರು ಇದ್ದೇ ಇರುತ್ತವೆ. ಈ ಎರಡರ ಕೆಲಸವನ್ನೂ ಒಂದೇ ಯಂತ್ರಕ್ಕೆ ವಹಿಸಿ, ಅದು ಬೇಕೆಂದಾಗ ಎಂಜಿನ್‌ಗೆ ತನ್ನ ಬಲವನ್ನೂ ಕೂಡಿಸುವಂತೆ ಮಾಡಿದರೆ ಅದೇ ಸ್ಟಾರ್ಟರ್-ಜನರೇಟರ್. ಮರ್ಸಿಡಿಸ್‌ನ ಆರು ಸಿಲಿಂಡರಿನ ಎಂಜಿನ್ನಿನಲ್ಲಿ ಅದು ಎಂಜಿನ್ ಮತ್ತು ಗೇರ್‌ಬಾಕ್ಸಿನ ನಡುವೆ ಕೂರುತ್ತದೆ. ಆಡಿಯ ಆರ್‌ಎಸ್ ಕ್ಯೂ8ರಲ್ಲಿ ಬೆಲ್ಟಿನ ಮೂಲಕ ಎಂಜಿನ್ನಿಗೆ ಜೋಡಿಸಿಕೊಂಡಿದೆ. ಎರಡೂ 48 ವೋಲ್ಟಿನ ವಿದ್ಯುತ್ತಿನಿಂದ ನಡೆಯುತ್ತವೆ. 2020ರ ಸೆಪ್ಟೆಂಬರಿನಲ್ಲಿ ಭಾರತಕ್ಕೆ ಬಂದ ಮರ್ಸಿಡಿಸ್‌ನ ಎಎಂಜಿ ಜಿಎಲ್‌ಇ 53 ಕೂಪೆಯಲ್ಲಿ ಎಂಜಿನ್ನಿನದು 435 ಅಶ್ವಶಕ್ತಿಯಾದರೆ, ಈ ಯಂತ್ರ ಸ್ವಲ್ಪ ಹೊತ್ತಿನ ಮಟ್ಟಿಗೆ ಇನ್ನೂ 22 ಅಶ್ವಶಕ್ತಿಯನ್ನು, ಎಂದರೆ ಸುಮಾರು 16 ಕಿಲೋವಾಟ್ ಬಲವನ್ನು, ಸೇರಿಸಬಲ್ಲದು.

ಅಧ್ಯಾಪಕಿ: ಮನೆಯ ವಿದ್ಯುತ್ತು 230 ವೋಲ್ಟು, ಹಳೆಯ ಕಾರಿನ ಬ್ಯಾಟರಿ 12 ವೋಲ್ಟು. ನಡುವೆ ಈ 48 ಎಂಬ ಅಂಕಿ ಎಲ್ಲಿಂದ ಬಂತು?

ಎಂಜಿನಿಯರ್: ಮೊದಲಿಗೆ ಮೇಲಿನ ಗಡಿಯನ್ನು ನೋಡಬೇಕು. ನೇರ ವಿದ್ಯುತ್ ಪ್ರವಾಹದಲ್ಲಿ 60 ವೋಲ್ಟ್ ದಾಟಿದರೆ ಅಂತರರಾಷ್ಟ್ರೀಯ ವಾಹನ ನಿಯಮಗಳ ಪ್ರಕಾರ ಅದು ಅಧಿಕ ವೋಲ್ಟೇಜ್ ಎನಿಸಿಕೊಳ್ಳುತ್ತದೆ. ಆಗ ಕಿತ್ತಳೆ ಬಣ್ಣದ ಕವಚದ ಕೇಬಲ್ಲುಗಳು, ಶಾಕ್ ಹೊಡೆಯದಂತೆ ವಿಶೇಷ ಬೇರ್ಪಡಿಕೆ, ತರಬೇತಿ ಪಡೆದ ಕೆಲಸಗಾರರು ಎಲ್ಲವೂ ಬೇಕು. 48 ವೋಲ್ಟು ಚಾರ್ಜಾಗುವಾಗ ಸ್ವಲ್ಪ ಮೇಲೇರಿದರೂ ಆ ಗಡಿಯೊಳಗೇ ಉಳಿಯುತ್ತದೆ. ಕೆಳಗಿನ ಗಡಿಯನ್ನು ತಂತಿಯ ದಪ್ಪ ಹೇಳುತ್ತದೆ: 250 ಆಂಪಿಯರ್ ಹರಿಯಬಲ್ಲ ತಂತಿಯಿಂದ 12 ವೋಲ್ಟಿನಲ್ಲಿ 3 ಕಿಲೋವಾಟ್ ಸಿಕ್ಕರೆ, 48 ವೋಲ್ಟಿನಲ್ಲಿ ಅದೇ ತಂತಿ 12 ಕಿಲೋವಾಟ್ ಕೊಡುತ್ತದೆ. ಈ ಲೆಕ್ಕವನ್ನೇ ಹಿಡಿದು ಜರ್ಮನಿಯ ಆಡಿ, ಬಿಎಂಡಬ್ಲ್ಯು, ಡೈಮ್ಲರ್, ಪೋರ್ಷೆ, ಫೋಕ್ಸ್‌ವ್ಯಾಗನ್ ಕಂಪನಿಗಳು 2011ರಲ್ಲಿ 48 ವೋಲ್ಟನ್ನು ಸಮಾನ ಮಾನದಂಡವಾಗಿ ಒಪ್ಪಿಕೊಂಡವು. ಆದರೆ ಆ ಒಪ್ಪಂದಕ್ಕೆ ಹತ್ತು ವರ್ಷ ಮೊದಲೇ ಬೆಂಗಳೂರಿನ ರಸ್ತೆಗಳಲ್ಲಿ 48 ವೋಲ್ಟಿನ ಕಾರೊಂದು ಓಡಾಡುತ್ತಿತ್ತು ಎಂಬುದನ್ನು ನೆನೆಯುವವರು ಕಡಿಮೆ.

ಅಧ್ಯಾಪಕಿ: ರೇವಾ.

ಎಂಜಿನಿಯರ್: ಹೌದು, ರೇವಾ. ಚೇತನ್ ಮೈನಿ ಅವರ ಸಂಸ್ಥೆ ಬೊಮ್ಮಸಂದ್ರದಲ್ಲಿ ತಯಾರಿಸಿ 2001ರಲ್ಲಿ ಮಾರುಕಟ್ಟೆಗೆ ಬಿಟ್ಟ ಆ ಪುಟ್ಟ ಕಾರಿನ ಸೀಟಿನ ಕೆಳಗೆ ತಲಾ 6 ವೋಲ್ಟಿನ 8 ಸೀಸ-ಆಮ್ಲ ಬ್ಯಾಟರಿಗಳಿದ್ದವು. ಸಾಲಾಗಿ ಜೋಡಿಸಿದರೆ 48 ವೋಲ್ಟು. ಅದರ ಮೋಟಾರಿನ ಗರಿಷ್ಠ ಬಲ ಸುಮಾರು 13 ಕಿಲೋವಾಟ್. ಒಮ್ಮೆ ಪೂರ್ತಿ ಚಾರ್ಜು ಮಾಡಿದರೆ ಸುಮಾರು 80 ಕಿಲೋಮೀಟರ್ ಓಡುತ್ತಿದ್ದ ಆ ಕಾರು ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಿಂದ ಮಾರಾಟವಾಯಿತು. 2010ರಲ್ಲಿ ಮಹೀಂದ್ರ ಆ ಸಂಸ್ಥೆಯ ಬಹುಪಾಲನ್ನು ಕೊಂಡುಕೊಂಡಿತು. ಜಿಎಲ್‌ಇ 53ರಂಥ ದುಬಾರಿ ಎಸ್‌ಯುವಿಯಲ್ಲಿ ಎಂಜಿನ್ನಿಗೆ ಬರೀ ಒತ್ತಾಸೆಯಾಗಿ ನಿಂತಿರುವ ಮೋಟಾರು ಇಡೀ ರೇವಾ ಕಾರನ್ನು ಓಡಿಸುತ್ತಿದ್ದ ಮೋಟಾರಿಗಿಂತ ಹೆಚ್ಚು ಬಲದ್ದು. ಹಾಗಿದ್ದೂ ಆ ಎಸ್‌ಯುವಿಯನ್ನು ಅದು ಒಂಟಿಯಾಗಿ ಎಳೆಯಲಾರದು ಎಂದರೆ ಕೊರತೆ ವೋಲ್ಟಿನದೊಂದೇ ಅಲ್ಲ. ಎರಡು ಕಾಲು ಟನ್ನಿಗೂ ಮೀರಿದ ತೂಕದ್ದೂ ಹೌದು, ಎಂಜಿನ್ನಿನಿಂದ ಬೇರ್ಪಡದಂತೆ ಮೋಟಾರನ್ನು ಜೋಡಿಸಿರುವುದರದ್ದೂ ಹೌದು.

ಇಲ್ಲಿ ಅಧ್ಯಾಪಕಿ ತಮ್ಮ ಮೊದಲ ಆಕ್ಷೇಪವನ್ನು ಕೈಬಿಡದೆ, ಅದನ್ನು ಅಂಕಿಗಳ ನೆಲೆಗೆ ತಂದರು. ಅವರ ವಿದ್ಯಾರ್ಥಿಗಳು ಇಂಥ ಪ್ರಶ್ನೆಗಳಿಗೆ ಹೆದರುತ್ತಾರೆಂದು ಕೇಳಿಕೆ.

ಅಧ್ಯಾಪಕಿ: ಉಳಿತಾಯ ಎಷ್ಟು? ಇಸ್ಕಾನ್ ಕಡೆಯಿಂದ ಕಾರ್ಡ್ ರಸ್ತೆಯಲ್ಲಿ ಹೊರಟು ಮಾಗಡಿ ರಸ್ತೆಯ ಟೋಲ್‌ಗೇಟ್ ದಾಟಿ ವಿಜಯನಗರ ಸೇರುವಷ್ಟರಲ್ಲಿ ನಿಂತು ಹೊರಡುವುದೇ ಕೆಲಸ. ಪ್ರತಿ ಸಲ ಬ್ರೇಕು ಹಿಡಿದಾಗಲೂ ಶಕ್ತಿ ಮರಳಿ ಬ್ಯಾಟರಿಗೆ ಸೇರುವುದಾದರೆ ಇಂಥ ರಸ್ತೆಯೇ ಈ ತಂತ್ರಕ್ಕೆ ಹೇಳಿ ಮಾಡಿಸಿದ್ದಾಗಬೇಕಲ್ಲ?

ಎಂಜಿನಿಯರ್: ಆಗಬೇಕಿತ್ತು, ಆದರೆ ಯಂತ್ರದ ಗಂಟಲು ಸಣ್ಣದು. ಎರಡೂವರೆ ಟನ್ ತೂಕದ ಗಾಡಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 350 ಕಿಲೋಜೌಲ್. ಸಿಗ್ನಲ್ ಕಂಡು ಎಂಟು ಸೆಕೆಂಡಿನಲ್ಲಿ ನಿಲ್ಲಿಸಿದರೆ ಸರಾಸರಿ 44 ಕಿಲೋವಾಟ್ ವೇಗದಲ್ಲಿ ಆ ಶಕ್ತಿ ಎಲ್ಲಾದರೂ ಹೋಗಲೇಬೇಕು. ಆಡಿಯ ಸ್ಟಾರ್ಟರ್-ಜನರೇಟರ್ ಹಿಡಿದುಕೊಳ್ಳಬಲ್ಲದ್ದು ಗರಿಷ್ಠ 12 ಕಿಲೋವಾಟ್. ಎಂದರೆ ಕಾಲುಭಾಗಕ್ಕಿಂತ ತುಸು ಹೆಚ್ಚು ಬ್ಯಾಟರಿಗೆ, ಉಳಿದದ್ದೆಲ್ಲ ಬ್ರೇಕ್ ಡಿಸ್ಕಿನ ಬಿಸಿಯಾಗಿ ಗಾಳಿಗೆ. ಬ್ಯಾಟರಿಯೂ ಚಿಕ್ಕದು, ಸುಮಾರು ಅರ್ಧ ಯೂನಿಟ್ ವಿದ್ಯುತ್ ಹಿಡಿಸುವಂಥದ್ದು. ಹೆದ್ದಾರಿಯಲ್ಲಿ ಇನ್ನೊಂದು ಉಪಾಯವಿದೆ: ಗಂಟೆಗೆ 55ರಿಂದ 160 ಕಿಲೋಮೀಟರ್ ವೇಗದ ನಡುವೆ ಚಾಲಕ ಆಕ್ಸಿಲರೇಟರ್ ಬಿಟ್ಟರೆ ಆರ್‌ಎಸ್ ಕ್ಯೂ8ರ ಎಂಜಿನ್ 40 ಸೆಕೆಂಡುಗಳವರೆಗೆ ಪೂರ್ತಿ ಆರಿ, ಗಾಡಿ ತನ್ನ ಓಟದಲ್ಲೇ ಜಾರಿಕೊಂಡು ಹೋಗುತ್ತದೆ. 80 ಕಿಲೋಮೀಟರ್ ವೇಗದಲ್ಲಿ 40 ಸೆಕೆಂಡು ಎಂದರೆ 900 ಮೀಟರಿಗೆ ಹತ್ತಿರ. ರಾಜಾಜಿನಗರದಲ್ಲಾಗಲಿ ಬಸವೇಶ್ವರನಗರದಲ್ಲಾಗಲಿ ಹಗಲುಹೊತ್ತಿನಲ್ಲಿ ಆ ವೇಗವೇ ಬರುವುದಿಲ್ಲವಾದ್ದರಿಂದ ಈ ಸೌಲಭ್ಯ ಕೆಂಗೇರಿ, ಕುಂಬಳಗೋಡು ದಾಟಿ ಮೈಸೂರು ಎಕ್ಸ್‌ಪ್ರೆಸ್‌ವೇ ಹಿಡಿದ ಮೇಲಷ್ಟೇ ಎಚ್ಚೆತ್ತುಕೊಳ್ಳುತ್ತದೆ.

ಅಧ್ಯಾಪಕಿ: ಒಟ್ಟು ಫಲ?

ಎಂಜಿನಿಯರ್: ತಯಾರಕರೇ ಹೇಳಿಕೊಂಡದ್ದು ನೂರು ಕಿಲೋಮೀಟರಿಗೆ 0.8 ಲೀಟರ್‌ವರೆಗೆ. ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಓಡಿಸಿದರೆ 80 ಲೀಟರ್.

ಅಧ್ಯಾಪಕಿ: ಎಂಟು ಸಾವಿರ ರೂಪಾಯಿ ಚಿಲ್ಲರೆ. 2020ರಲ್ಲಿ ಇಲ್ಲಿ ಬಿಡುಗಡೆಯಾದಾಗಲೇ ಆ ವಾಹನದ ಬೆಲೆ ಎರಡು ಕೋಟಿ ದಾಟಿತ್ತು. ಪೆಟ್ರೋಲ್ ಉಳಿಸಬೇಕೆಂದು ಯಾರೂ ಅದನ್ನು ಕೊಳ್ಳಲಾರರು, ಉಳಿಸಲೆಂದು ಯಾರೂ ಅದನ್ನು ಕಟ್ಟಿಯೂ ಇರಲಾರರು.

ಎಂಜಿನಿಯರ್: ಕಟ್ಟಿದ್ದರ ಕಾರಣಗಳಲ್ಲಿ ಒಂದು ಯುರೋಪಿನ ಕಾನೂನು. ಅಲ್ಲಿ ಮಾರಾಟವಾಗುವ ಕಾರುಗಳು ಕಿಲೋಮೀಟರಿಗೆ ಹೊರಬಿಡುವ ಇಂಗಾಲದ ಡೈಆಕ್ಸೈಡ್ ಸರಾಸರಿಯಲ್ಲಿ ಗೊತ್ತುಮಾಡಿದ ಮಿತಿಯನ್ನು ದಾಟಿದರೆ, ದಾಟಿದ ಪ್ರತಿ ಗ್ರಾಮಿಗೆ, ಮಾರಿದ ಪ್ರತಿ ಕಾರಿಗೆ 95 ಯೂರೋ ದಂಡ. ಅಲ್ಲಿ ಗ್ರಾಮಿಗೂ ಬೆಲೆಯಿದೆ. ಗಿರಾಕಿಗೆ ಎಂಟು ಸಾವಿರವಾಗಿ ಕಾಣುವ ಉಳಿತಾಯ ತಯಾರಕನ ಲೆಕ್ಕಪುಸ್ತಕದಲ್ಲಿ ಬೇರೆಯೇ ಮೊತ್ತವಾಗಿ ಕಾಣುತ್ತದೆ. ಇನ್ನೊಂದು ಕಾರಣ ಓಟದ ಸುಖ. ವಾಸ್ತವವಾಗಿ ದೊಡ್ಡ ಕಾರಣ ಅದೇ ಎಂದು ತೋರುತ್ತದೆ. ಟರ್ಬೊ ಎಂಬುದು ಎಂಜಿನ್ನಿನ ಹೊಗೆಯ ಒತ್ತಡದಿಂದ ತಿರುಗಿ ಹೆಚ್ಚು ಗಾಳಿಯನ್ನು ಸಿಲಿಂಡರಿಗೆ ನೂಕುವ ಚಕ್ರ. ಹೊಗೆಯ ಒತ್ತಡ ಏರುವವರೆಗೆ ಅದು ಸುಮ್ಮನಿರುವುದರಿಂದ, ಕಾಲು ಒತ್ತಿದ ಕ್ಷಣಕ್ಕೂ ಗಾಡಿ ನುಗ್ಗುವ ಕ್ಷಣಕ್ಕೂ ನಡುವೆ ಒಂದು ಮಂಕು ಇರುತ್ತದೆ. ವಿದ್ಯುತ್ ಮೋಟಾರಿಗೆ ಅಂಥ ಕಾಯುವಿಕೆಯಿಲ್ಲ. ಕೆಸರಿನಲ್ಲಿ ಹೂತ ಗಾಡಿ ಹೊರಡುವಾಗ ಹಿಂದಿನಿಂದ ಹೆಗಲು ಕೊಡುವವರಂತೆ, ಆ ಮಂಕಿನ ಅವಧಿಯಷ್ಟೇ ಅದು ದುಡಿದು ಸರಿದುಕೊಳ್ಳುತ್ತದೆ.

ಅಧ್ಯಾಪಕಿ: ಅಷ್ಟಕ್ಕೇ ಇಷ್ಟೊಂದು ಸಿದ್ಧತೆಯೇ?

ಎಂಜಿನಿಯರ್: ಇಲ್ಲ, ಇನ್ನೂ ಇದೆ. ಎತ್ತರದ, ಭಾರದ ವಾಹನ ತಿರುವಿನಲ್ಲಿ ವಾಲುತ್ತದೆ. ಆರ್‌ಎಸ್ ಕ್ಯೂ8ರಲ್ಲಿ ಎಡ-ಬಲ ಚಕ್ರಗಳನ್ನು ಬೆಸೆಯುವ ಸ್ಟೆಬಿಲೈಸರ್ ಸರಳನ್ನು ನಡುವೆ ಕತ್ತರಿಸಿ, ಎರಡು ತುಂಡುಗಳ ಮಧ್ಯೆ ಒಂದು ವಿದ್ಯುತ್ ಮೋಟಾರು ಕೂರಿಸಬಹುದು; ನೇರ ರಸ್ತೆಯ ಗುಂಡಿಗಳಲ್ಲಿ ಅದು ಎರಡು ಬದಿಗಳನ್ನು ಬಿಡಿಬಿಡಿಯಾಗಿ ಬಿಡುತ್ತದೆ, ತಿರುವಿನಲ್ಲಿ ಎದುರುದಿಕ್ಕಿಗೆ ತಿರುಚಿ ಗಾಡಿಯನ್ನು ನೆಟ್ಟಗೆ ನಿಲ್ಲಿಸುತ್ತದೆ. ಅಂಥ ಮೋಟಾರಿಗೆ 12 ವೋಲ್ಟು ಸಾಲದು. ಆಡಿಯ ಎಸ್‌ಕ್ಯೂ7 ಎಂಬ ಡೀಸೆಲ್ ಎಸ್‌ಯುವಿಗೆ 2016ರಲ್ಲಿ 48 ವೋಲ್ಟು ಬಂದದ್ದು ಇದಕ್ಕಾಗಿ, ಮತ್ತು ಟರ್ಬೊ ಮಂಕನ್ನು ಕಳೆಯುವ ವಿದ್ಯುತ್ ಕಂಪ್ರೆಸರಿಗಾಗಿ. ಮರ್ಸಿಡಿಸ್‌ನ ಆರು ಸಿಲಿಂಡರಿನ ಎಂಜಿನ್ನಿನ ಮುಂಭಾಗವನ್ನು ನೋಡಿದವರಿಗೆ ಅಲ್ಲಿ ಬೆಲ್ಟೇ ಕಾಣುವುದಿಲ್ಲ. ನೀರಿನ ಪಂಪು, ಎಸಿಯ ಕಂಪ್ರೆಸರು ಎರಡೂ ವಿದ್ಯುತ್ತಿನಿಂದ ತಿರುಗುತ್ತವೆ. ಏಪ್ರಿಲ್ ಮಧ್ಯಾಹ್ನ ಮಾಗಡಿ ರಸ್ತೆಯ ಸಿಗ್ನಲಿನಲ್ಲಿ ಎಂಜಿನ್ ಆರಿದ್ದರೂ ಎಸಿ ತಂಪಾಗಿಯೇ ಬೀಸುತ್ತಿರುತ್ತದೆ. ಹಸಿರು ದೀಪ ಬಂದಾಗ ಹಳೆಯ ಸ್ಟಾರ್ಟರಿನ ಕಿರಿಕಿರಿ ಶಬ್ದವಾಗಲಿ ನಡುಕವಾಗಲಿ ಇಲ್ಲದೆ ಎಂಜಿನ್ ಏಳುತ್ತದೆ. ಮಾಲೀಕನಿಗೆ ದಿನಾ ಅನುಭವಕ್ಕೆ ಬರುವ ಲಾಭವೆಂದರೆ ಇದು.

ಈ ವಿವರಣೆಯಲ್ಲಿ ಗಮನಿಸಬೇಕಾದ ಒಂದು ಅಂಶವಿದೆ: ಎಂಜಿನಿಯರ್ ಪಟ್ಟಿ ಮಾಡಿದ ಉಪಯೋಗಗಳಲ್ಲಿ ಹೆಚ್ಚಿನವು ಎಂಜಿನ್ನಿನ ಒಂದೊಂದು ದೌರ್ಬಲ್ಯಕ್ಕೆ ಮದ್ದು. ಮಂಕು, ನಡುಕ, ನಿಂತಾಗ ಎಸಿ ನಿಲ್ಲುವುದು ಮುಂತಾದ ಯಾವ ದೂರುಗಳಿಂದಾಗಿ ಶ್ರೀಮಂತ ಗಿರಾಕಿ ವಿದ್ಯುತ್ ಕಾರಿನ ಕಡೆ ಹೊರಳಬಹುದಿತ್ತೋ ಆ ದೂರುಗಳನ್ನೇ 48 ವೋಲ್ಟು ನಿವಾರಿಸುತ್ತದೆ. ವಿದ್ಯುತ್ತಿನತ್ತ ಇಟ್ಟ ಹೆಜ್ಜೆ ಎಂದು ಬಣ್ಣಿಸಲಾಗುವ ಈ ತಂತ್ರ ಪೆಟ್ರೋಲ್ ಎಂಜಿನ್ನಿನ ಆಯುಷ್ಯವನ್ನು ಹೆಚ್ಚಿಸಿರುವುದೇ ಹೆಚ್ಚು ಎಂಬ ತೀರ್ಮಾನಕ್ಕೆ ಬರದೆ ಗತ್ಯಂತರವಿಲ್ಲ. ಅಧ್ಯಾಪಕಿಯೂ ಅದನ್ನೇ ಇನ್ನೊಂದು ದಿಕ್ಕಿನಿಂದ ಹೇಳಿದರು.

ಅಧ್ಯಾಪಕಿ: ಹಾಗಾದರೆ ಸರ್ಕಾರ ಈ ತಂತ್ರಕ್ಕೆ ಈಗ ಸಹಾಯಧನ ಕೊಡದಿರುವುದು ಸರಿಯೇ. ವಿದ್ಯುತ್ ಮತ್ತು ಹೈಬ್ರಿಡ್ ವಾಹನಗಳಿಗೆ ಪ್ರೋತ್ಸಾಹಧನ ನೀಡುತ್ತಿದ್ದ ಫೇಮ್ ಯೋಜನೆ 2015ರಲ್ಲಿ ಶುರುವಾದಾಗ ಮಾರುತಿಯ ಸಿಯಾಜ್, ಎರ್ಟಿಗಾ ಕಾರುಗಳ ಮೈಲ್ಡ್ ಹೈಬ್ರಿಡ್ ಡೀಸೆಲ್ ಮಾದರಿಗಳಿಗೂ ಅದರಲ್ಲಿ ಪಾಲು ಸಿಕ್ಕಿತ್ತು. ಸಾರ್ವಜನಿಕ ಹಣದಿಂದ ಹೆಚ್ಚುಕಡಿಮೆ ಮಾಮೂಲಿ ಡೀಸೆಲ್ ಕಾರಿಗೇ ಸಹಾಯಧನ ಕೊಟ್ಟಂತಾಯಿತೆಂಬ ಟೀಕೆಯ ನಂತರ 2017ರ ಏಪ್ರಿಲ್ 1ರಿಂದ ಮೈಲ್ಡ್ ಹೈಬ್ರಿಡ್ಡನ್ನು ಆ ಯೋಜನೆಯಿಂದ ಹೊರಗಿಡಲಾಯಿತು.

ಎಂಜಿನಿಯರ್: ಆ ಟೀಕೆಗೆ ಆಧಾರ ಬೇಕಿದ್ದರೆ ದೂರ ಹೋಗಬೇಕಿಲ್ಲ. ಕೆಂಗೇರಿಯಿಂದ ಮುಂದೆ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2022ರಿಂದ ಹೈರೈಡರ್ ಎಂಬ ಎಸ್‌ಯುವಿಯನ್ನು ಎರಡು ಬಗೆಯಲ್ಲಿ ಕಟ್ಟುತ್ತಿದ್ದಾರೆ. ಒಂದರಲ್ಲಿ ಸುಜುಕಿಯ ಒಂದೂವರೆ ಲೀಟರಿನ ಎಂಜಿನ್ನಿಗೆ 12 ವೋಲ್ಟಿನ ಸಣ್ಣ ಸ್ಟಾರ್ಟರ್-ಜನರೇಟರ್; ಇನ್ನೊಂದರಲ್ಲಿ ಟೊಯೊಟಾದ ಮೂರು ಸಿಲಿಂಡರಿನ ಎಂಜಿನ್ನಿನ ಜೊತೆಗೆ, ಗಾಡಿಯನ್ನು ತಾನೊಬ್ಬನೇ ಓಡಿಸಬಲ್ಲ ಮೋಟಾರು ಮತ್ತು ಸುಮಾರು 178 ವೋಲ್ಟಿನ ಬ್ಯಾಟರಿ. ಈ ಎರಡನೆಯದನ್ನು ಸ್ಟ್ರಾಂಗ್ ಹೈಬ್ರಿಡ್ ಎನ್ನುತ್ತಾರೆ. ಅಧಿಕೃತ ಪರೀಕ್ಷೆಯಲ್ಲಿ ಮೊದಲನೆಯದು ಲೀಟರಿಗೆ 21.12 ಕಿಲೋಮೀಟರ್ ಕೊಟ್ಟರೆ ಎರಡನೆಯದು 27.97 ಕಿಲೋಮೀಟರ್ ಕೊಟ್ಟಿದೆ. ಮೈಕಟ್ಟು ಒಂದೇ, ಕಾರ್ಖಾನೆ ಒಂದೇ. ಎರಡರ ನಡುವಿನ ಅಂತರ ಬಹುಪಾಲು ಒಳಗಿನ ಯಂತ್ರದ್ದು. ಸೋಜಿಗವೆಂದರೆ ಆ ಸ್ಟ್ರಾಂಗ್ ಹೈಬ್ರಿಡ್ಡಿನ ಬ್ಯಾಟರಿಯೂ ಮುಕ್ಕಾಲು ಯೂನಿಟ್ಟಿನಷ್ಟೇ ಹಿಡಿಸುವಂಥದ್ದು, ಆಡಿಯ ಬ್ಯಾಟರಿಗಿಂತ ಬಹಳ ದೊಡ್ಡದೇನಲ್ಲ. ವೋಲ್ಟು ಏರಿದ್ದರಿಂದ ಬಲ ಏರಿತು, ಬಲ ಏರಿದ್ದರಿಂದ ಬ್ರೇಕಿನ ಶಕ್ತಿಯಲ್ಲಿ ಹೆಚ್ಚಿನ ಪಾಲು ಮರಳಿ ಬಂತು.

ಅಧ್ಯಾಪಕಿ: ಹಾಗಿರುವಾಗ ಐಷಾರಾಮಿ ತಯಾರಕರು ಕೆಲವು ಮಾದರಿಗಳಲ್ಲಿ ಆ ದಾರಿಗೆ ಬರದೆ 48 ವೋಲ್ಟಿನಲ್ಲೇ ನಿಂತು, ಅಲ್ಲಿಂದ ನೇರವಾಗಿ ಪೂರ್ಣ ವಿದ್ಯುತ್ತಿಗೆ ನೆಗೆದದ್ದು ವಿಚಿತ್ರ. ಮರ್ಸಿಡಿಸ್‌ನ ಜಿ ಕ್ಲಾಸ್ ಇದಕ್ಕೆ ತಕ್ಕ ಉದಾಹರಣೆ. 2024ರ ಅಕ್ಟೋಬರಿನಲ್ಲಿ 48 ವೋಲ್ಟಿನ ಮೈಲ್ಡ್ ಹೈಬ್ರಿಡ್ ಸೇರಿಸಿಕೊಂಡ ಎಎಂಜಿ ಜಿ 63 ಭಾರತಕ್ಕೆ ಬಂತು, ಬೆಲೆ 3.60 ಕೋಟಿ. ಮೂರೇ ತಿಂಗಳಲ್ಲಿ, 2025ರ ಜನವರಿಯಲ್ಲಿ, ಪೂರ್ಣ ವಿದ್ಯುತ್ತಿನ ಜಿ 580 ಬಂತು, ಬೆಲೆ 3 ಕೋಟಿ. ಒಂದರ ಶಕ್ತಿ 585 ಅಶ್ವಶಕ್ತಿ, ಇನ್ನೊಂದರದು 587. ವಿದ್ಯುತ್ತಿನದೇ ಅಗ್ಗವಾದದ್ದು ತಂತ್ರಜ್ಞಾನದ ಮಹಿಮೆಯೊಂದರಿಂದಲೇ ಅಲ್ಲ. ಆಗ ದೊಡ್ಡ ಪೆಟ್ರೋಲ್ ಎಸ್‌ಯುವಿಗೆ ಜಿಎಸ್‌ಟಿ ಮತ್ತು ಸೆಸ್ ಸೇರಿ ಶೇಕಡಾ 50, ವಿದ್ಯುತ್ ವಾಹನಕ್ಕೆ ಶೇಕಡಾ 5 ತೆರಿಗೆಯಿತ್ತು. 2025ರ ಸೆಪ್ಟೆಂಬರ್ 22ರಿಂದ ಮೊದಲನೆಯದು 40ಕ್ಕೆ ಇಳಿದಿದೆ, ಎರಡನೆಯದು ಹಾಗೇ ಇದೆ. ಇದರ ಮೇಲೆ ರಾಜ್ಯದ ಜೀವಿತಾವಧಿ ತೆರಿಗೆ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ಮೇಲ್ತೆರಿಗೆ ಬಿಟ್ಟು ಶೇಕಡಾ 18. ವಿದ್ಯುತ್ ವಾಹನಗಳಿಗೆ ಮೊದಲು ಪೂರ್ಣ ವಿನಾಯಿತಿಯಿತ್ತು. 2024ರ ತಿದ್ದುಪಡಿ 25 ಲಕ್ಷ ದಾಟಿದವುಗಳ ಮೇಲೆ ಶೇಕಡಾ 10 ಹಾಕಿತು. ಬಿಡುಗಡೆಯ ಬೆಲೆಗೆ ಈ ದರಗಳನ್ನು ಹಚ್ಚಿದರೆ ಜಿ 63ಕ್ಕೆ 64.8 ಲಕ್ಷ, ಜಿ 580ಕ್ಕೆ 30 ಲಕ್ಷ. ಮೈಲ್ಡ್ ಹೈಬ್ರಿಡ್ ಎಂಬ ಹೆಸರಿಗೆ ಈ ಲೆಕ್ಕದಲ್ಲಿ ಒಂದು ರೂಪಾಯಿಯ ಬೆಲೆಯೂ ಇಲ್ಲ.

ಎಂಜಿನಿಯರ್: ಅಷ್ಟೆಲ್ಲ ಉಳಿಯುವಾಗಲೂ ಜಿ 63ಕ್ಕೆ ಗಿರಾಕಿಗಳು ಇದ್ದೇ ಇದ್ದಾರೆ. ಏಕೆಂದು ವಿಜಯನಗರದ ಬೀದಿಯಲ್ಲಿ ನಿಂತರೆ ತಿಳಿಯುತ್ತದೆ. ಮೂವತ್ತು-ನಲವತ್ತು ಅಡಿಯ ಸೈಟಿನಲ್ಲಿ ಕಟ್ಟಿದ ಮೂರು ಮಹಡಿಯ ಮನೆ. ಕೆಳಗೆ ಅಂಗಡಿ ಮಳಿಗೆ ಅಥವಾ ಬಾಡಿಗೆದಾರರು. ಕಾರಿಗೆ ಉಳಿದದ್ದು ಗೇಟಿನ ಹೊರಗಿನ ರಸ್ತೆಯಂಚು. ಜಿ 580ರ ಬ್ಯಾಟರಿ 116 ಯೂನಿಟ್ಟಿನದು. 11 ಕಿಲೋವಾಟಿನ ಚಾರ್ಜರ್ ಹಾಕಿದರೂ ಖಾಲಿಯಿಂದ ತುಂಬಲು ಹತ್ತು ಹನ್ನೊಂದು ಗಂಟೆ ಬೇಕು. ಮೂರೋ ಐದೋ ಕಿಲೋವಾಟಿನ ಮಂಜೂರಾತಿ ಇರುವ ಮನೆಗೆ ಅದಕ್ಕಾಗಿ ಬೆಸ್ಕಾಂನಿಂದ ತ್ರೀಫೇಸ್ ಸಂಪರ್ಕವನ್ನೂ ಹೆಚ್ಚಿನ ಲೋಡನ್ನೂ ಪಡೆಯಬೇಕು.

ಅಧ್ಯಾಪಕಿ: ಮೂರು ಕೋಟಿಯ ಕಾರು ಕೊಳ್ಳುವವರು ರಸ್ತೆಯಂಚಿನಲ್ಲಿ ಕಾರು ನಿಲ್ಲಿಸುವವರಲ್ಲ, ಸರ್. ಅವರ ಮನೆಯಲ್ಲಿ ಜನರೇಟರಿಗೇ ಒಂದು ಕೋಣೆಯಿರುತ್ತದೆ.

ಎಂಜಿನಿಯರ್: ಕೆಲವರಿಗೆ ಇರುತ್ತದೆ. ಆದರೆ ಈ ಭಾಗದಲ್ಲಿ ಸಣ್ಣ ಕೈಗಾರಿಕೆ, ಸಗಟು ವ್ಯಾಪಾರಗಳಿಂದ ಬೆಳೆದ ಕುಟುಂಬಗಳು ಹಳೆಯ ಬಡಾವಣೆಯ ಹಳೆಯ ಮನೆ ಬಿಟ್ಟು ಹೋಗಲು ಮನಸ್ಸು ಮಾಡುವುದಿಲ್ಲ. ಕಾರು ಬದಲಾಗುತ್ತದೆ, ಮನೆ ಬದಲಾಗುವುದಿಲ್ಲ. ಮೈಲ್ಡ್ ಹೈಬ್ರಿಡ್ ಅಂಥವರಿಂದ ಏನನ್ನೂ ಕೇಳುವುದಿಲ್ಲ: ಚಾರ್ಜರ್ ಬೇಡ, ಲೋಡ್ ಬೇಡ, ಧರ್ಮಸ್ಥಳಕ್ಕೆ ಹೊರಟಾಗ ಶಿರಾಡಿ ಘಾಟಿಗೆ ಮುಂಚೆ ಚಾರ್ಜಿಂಗ್ ಎಲ್ಲಿ ಎಂಬ ಚಿಂತೆ ಬೇಡ.

ಈ ಒಂದು ಅಂಶದಲ್ಲಿ ಇಬ್ಬರೂ ಒಪ್ಪಲಿಲ್ಲ, ಒಪ್ಪಬೇಕಾದ ಅಗತ್ಯವೂ ಇಲ್ಲ. ಏನನ್ನೂ ಕೇಳದ ತಂತ್ರಜ್ಞಾನ ಜನರಿಂದ ಯಾವ ಬದಲಾವಣೆಯನ್ನೂ ಹೊರಡಿಸಲಾರದು ಎಂಬುದು ಅಧ್ಯಾಪಕಿಯ ವಾದ. ವಿದ್ಯುತ್ ವಾಹನ ನೀತಿಯನ್ನು 2017ರಲ್ಲಿ ದೇಶದಲ್ಲೇ ಮೊದಲು ಪ್ರಕಟಿಸಿದ ರಾಜ್ಯದಲ್ಲಿ, ಹಣವುಳ್ಳವರೇ ಕಾಯುತ್ತ ಕುಳಿತರೆ ಚಾರ್ಜಿಂಗ್ ಜಾಲದ ಮೊದಲ ಖರ್ಚನ್ನು ಹೊರುವವರು ಯಾರು ಎಂದು ಅವರು ಕೇಳಿದರು. ತೂಕದ ಲೆಕ್ಕವನ್ನು ಬಿಟ್ಟ ವಾದ ಅದು ಎಂಬುದು ಎಂಜಿನಿಯರ್ ಅವರ ಉತ್ತರ: ಜಿ 580 ಮೂರು ಟನ್ನನ್ನೂ ಮೀರುತ್ತದೆ, ಅದರ ಒಂದು ಬ್ಯಾಟರಿಯಲ್ಲಿ ತುಂಬುವ ವಿದ್ಯುತ್ತು ಹನ್ನೆರಡು ರೇವಾ ಕಾರುಗಳಿಗೆ ಸಾಕು. ರೇವಾದ 48 ವೋಲ್ಟು, 200 ಆಂಪಿಯರ್-ಗಂಟೆ ಎಂದರೆ 9.6 ಯೂನಿಟ್ ಎಂದು ಅವರು ಕಾಗದದ ಮೇಲೆ ಗುಣಿಸಿಯೂ ತೋರಿಸಿದರು. ಇಬ್ಬರ ವಾದಗಳೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರಗಳೆಂಬುದು ಓದುಗರಿಗೆ ಹೊಳೆಯದಿರದು.

ಅಧ್ಯಾಪಕಿ: ಕೊನೆಗೆ ಒಂದು ಲೌಕಿಕ ಪ್ರಶ್ನೆ. ಹತ್ತು ವರ್ಷ ಕಳೆದು ಈ ಮೈಲ್ಡ್ ಹೈಬ್ರಿಡ್ ಎಸ್‌ಯುವಿಗಳು ಎರಡನೆಯ, ಮೂರನೆಯ ಮಾಲೀಕರ ಕೈಗೆ ಬಂದು, ಕಂಪನಿಯ ಸರ್ವೀಸ್ ಸೆಂಟರಿನ ಬದಲು ರಾಜಾಜಿನಗರದ, ಕಾಮಾಕ್ಷಿಪಾಳ್ಯದ ಗ್ಯಾರೇಜುಗಳಿಗೆ ಬರುತ್ತವೆ. ಆಗ?

ಎಂಜಿನಿಯರ್: ಆಗ ಮೊದಲು ಕೈಕೊಡುವುದು ಆ ಸಣ್ಣ 48 ವೋಲ್ಟಿನ ಬ್ಯಾಟರಿಯೋ ಅದರ ವಿದ್ಯುತ್ತನ್ನು 12 ವೋಲ್ಟಿಗೆ ಇಳಿಸುವ ಪರಿವರ್ತಕವೋ ಆಗಿರುವ ಸಂಭವ ಹೆಚ್ಚು. ಎಂಜಿನ್ ಮತ್ತು ಗೇರ್‌ಬಾಕ್ಸಿನ ನಡುವೆ ಯಂತ್ರ ಕೂತಿರುವ ಎಂಜಿನ್ನಿಗೆ ಬೇರೆ ಸ್ಟಾರ್ಟರ್ ಇರುವುದಿಲ್ಲವಾದ್ದರಿಂದ, ಅಶ್ವಶಕ್ತಿಯ ಮಾತಿರಲಿ, ಎಂಜಿನ್ ಏಳುವುದೇ ಆ ಚಿಕ್ಕ ಪೆಟ್ಟಿಗೆಯ ಆರೋಗ್ಯವನ್ನು ನೆಚ್ಚಿಕೊಂಡಿದೆ. ಆದರೆ ಅದು 60 ವೋಲ್ಟಿನ ಗೆರೆಯ ಕೆಳಗಿದೆ. ಕಿತ್ತಳೆ ಕೇಬಲ್ಲಿಗೆ ಕೈಹಾಕಲು ಪ್ರತ್ಯೇಕ ತರಬೇತಿಯೂ ಕೈಗವಸೂ ಬೇಕು. ಇದಕ್ಕೆ ಸ್ಕ್ಯಾನರ್ ಓದಲು ಬರುವ ಒಬ್ಬ ಎಚ್ಚರದ ಆಟೊ ಎಲೆಕ್ಟ್ರಿಷಿಯನ್ ಸಾಕಾಗಬಹುದು. ಕಿಡಿ ಹಾರದಂತೆ, ಶಾರ್ಟ್ ಆಗದಂತೆ ಮೊದಲು ಯಾವ ಕೊಂಡಿ ಬಿಚ್ಚಬೇಕೆಂಬುದನ್ನು ಅವನು ಕಲಿಯಬೇಕು, ಅಷ್ಟೆ.

ಅಧ್ಯಾಪಕಿ: ಕಲಿಸುವವರು ಯಾರು?

ಎಂಜಿನಿಯರ್: ಐಟಿಐಗಳ ಪಠ್ಯಕ್ಕೆ ಅದು ಸೇರಬೇಕು. ಸೇರುವವರೆಗೆ, ಹಿಂದೆ ಫ್ಯೂಯೆಲ್ ಇಂಜೆಕ್ಷನ್ ಬಂದಾಗ ಕಲಿತಂತೆಯೇ, ಒಬ್ಬ ಕೆಲಸಗಾರನನ್ನು ನೋಡಿ ಇನ್ನೊಬ್ಬ ಕಲಿಯುತ್ತಾನೆ. ಮೊದಲೆರಡು ಬ್ಯಾಟರಿಗಳ ಖರ್ಚನ್ನು ಪಾಪ ಯಾರೋ ಮೂರನೆಯ ಮಾಲೀಕ ಕೊಟ್ಟಿರುತ್ತಾನೆ.